ಡಿಫಾಲ್ಟ್ ಮಾಡಿದ ಮೈಕ್ ಬಿಟ್ಟು ಲ್ಯಾಪ್‌ಟಾಪ್ ಮೈಕೇ ಯಾಕೆ?

ಪ್ರಶ್ನೆ: ಹೊಸ ಯುಎಸ್‌ಬಿ ಮೈಕ್ ತಂದು ವಿಂಡೋಸ್‌ನಲ್ಲಿ ಡಿಫಾಲ್ಟ್ ಮಾಡಿದ್ದೇನೆ. ಆದರೂ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿದರೆ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಮೈಕ್ ಕೆಟ್ಟಿದೆಯೇ?

ಮೈಕ್ ಕೆಟ್ಟಿಲ್ಲ. ರೆಕಾರ್ಡಿಂಗ್ ಶುರು ಮಾಡಿ ಮೈಕಿನ ತಲೆಯನ್ನು ಬೆರಳಿನಿಂದ ತಟ್ಟಿ, ಆಮೇಲೆ ಲ್ಯಾಪ್‌ಟಾಪಿನ ಅಂಚನ್ನು ತಟ್ಟಿ. ಯಾವುದಕ್ಕೆ ದನಿಯ ಮಟ್ಟ ತೋರಿಸುವ ಮೀಟರ್ ಜೋರಾಗಿ ಕುಣಿಯಿತೋ ಆ ಮೈಕೇ ಕೆಲಸ ಮಾಡುತ್ತಿರುವುದು. ನಿಮ್ಮಲ್ಲಿ ಕುಣಿಯುವುದು ಎರಡನೆಯದಕ್ಕೆ, ಬೇಕಾದರೆ ಪಂದ್ಯ ಕಟ್ಟುತ್ತೇನೆ. ಇದೇ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ತಪ್ಪಿದೆ. ಈ ಸಲ ಬೇರಿನಿಂದಲೇ ಕೀಳೋಣ.

‘ಡಿಫಾಲ್ಟ್ ಮಾಡಿದೆನಲ್ಲ, ಇನ್ನು ಎಲ್ಲ ಸಾಫ್ಟ್‌ವೇರೂ ಅದನ್ನೇ ಬಳಸಬೇಕು’ ಎಂಬ ನಂಬಿಕೆ ಇದೆಯಲ್ಲ, ಅದೇ ಬೇರು. ಡಿಫಾಲ್ಟ್ ಎಂದರೆ ಆಜ್ಞೆಯಲ್ಲ. ‘ಯಾವುದಾದರೂ ಸರಿ, ಒಂದು ಮೈಕ್ ಕೊಡು’ ಎಂದು ಕೇಳುವ ಆ್ಯಪಿಗೆ ವಿಂಡೋಸ್ ಕೊಡುವ ಉತ್ತರ, ಅಷ್ಟೇ. ಹೋಟೆಲಿನಲ್ಲಿ ‘ಬಿಸಿ ಏನಿದೆ?’ ಅಂದವರಿಗೆ ಮಾಣಿ ತನಗೆ ತೋಚಿದ್ದು ತಂದಿಡುತ್ತಾನೆ. ‘ಸೆಟ್ ದೋಸೆ’ ಅನ್ನುತ್ತಲೇ ಕೂತವರಿಗೆ ಸೆಟ್ ದೋಸೆಯೇ ಬರುತ್ತದೆ. ಇವತ್ತಿನ ಸ್ಪೆಷಲ್ ಬಿಸಿಬೇಳೆಬಾತ್ ಎಂದು ಬೋರ್ಡಿನಲ್ಲಿ ಬರೆದಿದ್ದರೂ ಅವರಿಗೇನು? ನೀವು ಎಂದೋ ಒಮ್ಮೆ ಆಡಾಸಿಟಿಯಲ್ಲಿ ಲ್ಯಾಪ್‌ಟಾಪ್ ಮೈಕನ್ನು ಹೆಸರು ಹಿಡಿದು ಆರಿಸಿದ್ದೀರಿ. ನೀವು ಮರೆತಿರಿ, ಅದು ಮರೆತಿಲ್ಲ.

ಅಷ್ಟಕ್ಕೂ ಡಿಫಾಲ್ಟ್ ಒಂದೇ ಎಂದು ಯಾರು ಹೇಳಿದರು? ಕಂಟ್ರೋಲ್ ಪ್ಯಾನೆಲ್‌ನ ಸೌಂಡ್ ತೆರೆದು ರೆಕಾರ್ಡಿಂಗ್ ಟ್ಯಾಬ್ ನೋಡಿ. ‘ಡಿಫಾಲ್ಟ್ ಡಿವೈಸ್’ ಬೇರೆ, ‘ಡಿಫಾಲ್ಟ್ ಕಮ್ಯುನಿಕೇಷನ್ಸ್ ಡಿವೈಸ್’ ಬೇರೆ. ಕರೆ ಮಾಡುವ ಆ್ಯಪ್‌ಗಳು ಎರಡನೆಯದನ್ನು ಕೇಳಬಹುದು. ಮೊದಲನೆಯದನ್ನು ಬದಲಿಸಿ ‘ಮೀಟಿಂಗಿನಲ್ಲಿ ನನ್ನ ದನಿ ಕೇಳುತ್ತಿಲ್ಲ’ ಎಂದು ಬರೆಯುವವರೂ ಇದ್ದಾರೆ. ದಯವಿಟ್ಟು ಬರೆಯಬೇಡಿ.

ಪರಿಹಾರ ಎರಡು ಸಾಲಿನದು. ಆಡಾಸಿಟಿಯ ರೆಕಾರ್ಡಿಂಗ್ ಡಿವೈಸ್ ಪಟ್ಟಿಯಲ್ಲಿ ನಿಮ್ಮ ಯುಎಸ್‌ಬಿ ಮೈಕನ್ನೇ ಆರಿಸಿ. ಡಿಫಾಲ್ಟಿನ ಬೆನ್ನು ಹತ್ತಲಿ ಎಂದಿದ್ದರೆ ಹೋಸ್ಟ್ (ಅಂದರೆ ಆಡಾಸಿಟಿ ವಿಂಡೋಸ್‌ನ ಯಾವ ಆಡಿಯೊ ವ್ಯವಸ್ಥೆಯ ಮೂಲಕ ಮೈಕನ್ನು ತಲುಪಬೇಕೆಂಬ ಆಯ್ಕೆ) ಜಾಗದಲ್ಲಿ ವಿಂಡೋಸ್‌ನ ಹಳೆಯ ವ್ಯವಸ್ಥೆಯಾದ ಎಂಎಂಇ ಇಟ್ಟು ‘ಮೈಕ್ರೋಸಾಫ್ಟ್ ಸೌಂಡ್ ಮ್ಯಾಪರ್ - ಇನ್‌ಪುಟ್’ ಆರಿಸಿ. ಪಟ್ಟಿಯಲ್ಲಿ ಮೈಕೇ ಕಾಣದಿದ್ದರೆ ‘ರೀಸ್ಕ್ಯಾನ್ ಆಡಿಯೊ ಡಿವೈಸಸ್’ ಒತ್ತಿ, ಏಕೆಂದರೆ ಆಡಾಸಿಟಿ ಪಟ್ಟಿ ಮಾಡಿಕೊಳ್ಳುವುದು ತೆರೆಯುವಾಗ. ಆಮೇಲೆ ಚುಚ್ಚಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಅಂದಹಾಗೆ ಎಂಎಂಇಯಲ್ಲಿ ಹೆಸರು ‘ರಿಯಲ್‌ಟೆಕ್ ಹೈ ಡೆಫಿನಿ’ ಎಂದು ಅರ್ಧಕ್ಕೇ ನಿಂತರೆ ಗಾಬರಿ ಬೇಡ. ಆ ಹಳೆಯ ವ್ಯವಸ್ಥೆಯಲ್ಲಿ ಹೆಸರಿಗೆ 31 ಅಕ್ಷರಗಳಷ್ಟೇ ಜಾಗ.

ನೀವು ಕೇಳಲಿಲ್ಲ, ಆದರೆ ಮುಂದಿನ ವಾರ ಕೇಳುತ್ತೀರಿ: ಅದೇ ಮೈಕಿನ ಹೆಸರಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ‘2-’ ಎಂದು ಸೇರಿಕೊಳ್ಳುವುದೇಕೆ? ನಾವು ಓದುವ ಹೆಸರು ನಮಗಾಗಿ ಅಂಟಿಸಿದ ಚೀಟಿ. ವಿಂಡೋಸ್ ಒಳಗೊಳಗೆ ಪ್ರತಿ ಮೈಕಿಗೂ ಸ್ಪೀಕರಿಗೂ ಉದ್ದನೆಯ ಐಡಿಯೊಂದನ್ನು ಕೊಟ್ಟಿರುತ್ತದೆ. ಮೈಕಿನೊಳಗೆ ಸೀರಿಯಲ್ ನಂಬರ್ ಇದ್ದರೆ ಯಾವ ಪೋರ್ಟಿಗೆ ಹಾಕಿದರೂ ಸಾಮಾನ್ಯವಾಗಿ ಗುರುತು ಸಿಗುತ್ತದೆ. ಅಗ್ಗದ ಎಷ್ಟೋ ಮೈಕ್‌ಗಳಲ್ಲಿ ಅದಿರುವುದಿಲ್ಲ. ಇನಿಷಿಯಲ್ ಇಲ್ಲದ ಮಂಜುನಾಥನನ್ನು ಮೇಷ್ಟ್ರು ಅವನು ಕೂತ ಬೆಂಚಿನಿಂದ ಗುರುತಿಟ್ಟುಕೊಂಡ ಹಾಗೆ, ವಿಂಡೋಸ್ ಪೋರ್ಟಿನಿಂದ ಗುರುತಿಟ್ಟುಕೊಳ್ಳುತ್ತದೆ. ಎಡಗಡೆಯ ಪೋರ್ಟಿನಿಂದ ಬಲಗಡೆಗೆ ಬದಲಿಸಿದಿರೋ, ಅದರ ಪಾಲಿಗೆ ತರಗತಿಗೆ ಹೊಸ ಹುಡುಗ ಬಂದ. ಹಳಬನ ಹೆಸರು ಹಾಜರಿ ಪುಸ್ತಕದಲ್ಲಿ ಇದ್ದೇ ಇದೆ, ಹಾಗಾಗಿ ಇವನು ‘2-’.

ಆಗ ಐಡಿ ನೆನಪಿಟ್ಟುಕೊಂಡಿದ್ದ ಆ್ಯಪಿಗೂ ಮೈಕ್ ಸಿಗುವುದಿಲ್ಲ, ಹೆಸರು ನೆನಪಿಟ್ಟುಕೊಂಡಿದ್ದ ಆ್ಯಪಿಗೂ ಸಿಗುವುದಿಲ್ಲ. ಮತ್ತೆ ಬಾವಿಯೊಳಗಿನ ದನಿ. ನಾನಂತೂ ಮೈಕಿನ ಪೋರ್ಟಿನ ಪಕ್ಕ ಕೆಂಪು ಸ್ಟಿಕ್ಕರ್ ಅಂಟಿಸಿ, ಆ ಪೋರ್ಟಿಗೆ ಪೆನ್‌ಡ್ರೈವ್ ಹಾಕಬಾರದೆಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.