ತಿರುವಿನಲ್ಲಿ ಹಿಂಚಕ್ರ: ಹಗುರ ಸ್ಪೋರ್ಟ್ಸ್ ಕಾರುಗಳ ಅರವತ್ತು ವರ್ಷದ ತಕರಾರು

1999ರಲ್ಲಿ ಹೊಂಡಾ ಎಸ್2000 ಬಂದಾಗ ಅದರ 2 ಲೀಟರ್ ಎಂಜಿನ್, ಟರ್ಬೊ ನೆರವಿಲ್ಲದೆ 8,300 ಆರ್‌ಪಿಎಂ ವೇಗದಲ್ಲಿ ಸುಮಾರು 240 ಅಶ್ವಶಕ್ತಿ ಕೊಡುತ್ತಿತ್ತು. ಅದೇ ಕಾಲದ ಮಾಜ್ದಾ ಎಂಎಕ್ಸ್-5ರ 1.8 ಲೀಟರ್ ಎಂಜಿನ್ನಿನ ಶಕ್ತಿ 140ರ ಆಸುಪಾಸಿನಲ್ಲಿತ್ತು. ಕಾಗದದ ಮೇಲೆ ಇದು ಪೈಪೋಟಿಯೇ ಅಲ್ಲ. ಆದರೂ ಈ ಎರಡು ಕಾರುಗಳಲ್ಲಿ ಯಾವುದು ಮೇಲು ಎಂಬ ವಾದ ಇಂದಿಗೂ ಮುಗಿದಿಲ್ಲ. ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಬೆರೆತುಹೋಗಿವೆ: ಕಾರು ಎಷ್ಟು ವೇಗವಾಗಿ ಹೋಗುತ್ತದೆ ಎಂಬುದು ಒಂದು, ಟೈರುಗಳ ಹಿಡಿತ ತಪ್ಪುವ ಹೊತ್ತಿಗೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಗಡಿಯಾರ ಹಿಡಿದು ಅಳೆಯಬಹುದು. ಎರಡನೆಯದಕ್ಕೆ ಅಂಥ ಅಳತೆಗೋಲಿಲ್ಲ. ಆದರೆ ಹಗುರ ಕಾರುಗಳ ಇತಿಹಾಸವನ್ನು ನಡೆಸಿದ್ದು ಬಹುಮಟ್ಟಿಗೆ ಅದೇ.

ಹಗುರವಾಗಿರುವುದರ ಲಾಭ ಬರಿಯ ವೇಗವರ್ಧನೆಯಲ್ಲಿಲ್ಲ. ಬ್ರೇಕ್ ಒತ್ತಿದಾಗ ಶಾಖವಾಗಿ ಕರಗಿಸಬೇಕಾದ ಚಲನಶಕ್ತಿ ತೂಕದೊಂದಿಗೇ ಏರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ ಟೈರಿನದು: ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಹಿಡಿತವೂ ಹೆಚ್ಚುತ್ತದೆ, ಆದರೆ ಇಮ್ಮಡಿಯಾಗುವುದಿಲ್ಲ. ಹೀಗಾಗಿ ಅದೇ ಟೈರುಗಳ ಮೇಲೆ ನಿಂತ ಹಗುರ ಕಾರು, ಎಂಜಿನ್ ಚಿಕ್ಕದಾಗಿದ್ದರೂ, ಭಾರದ ಕಾರಿಗಿಂತ ಹೆಚ್ಚಿನ ವೇಗದಲ್ಲಿ ತಿರುವು ದಾಟಬಲ್ಲದು. ಹಿಂಚಕ್ರ ಚಾಲನೆ ಇದಕ್ಕೆ ಮತ್ತೊಂದನ್ನು ಸೇರಿಸುತ್ತದೆ: ಮುಂದಿನ ಟೈರುಗಳು ಬ್ರೇಕಿನ ಪಾಲನ್ನು ಬಿಟ್ಟರೆ ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತವೆ, ತಳ್ಳುವ ಕೆಲಸ ಹಿಂದಿನವುಗಳದು. ಅಂದರೆ ಆಕ್ಸಲರೇಟರ್ ಪೆಡಲ್ ಕೂಡ ಒಂದು ಬಗೆಯ ಸ್ಟಿಯರಿಂಗ್ ಆಗುತ್ತದೆ. ವರವೂ ಇದೇ, ತೊಂದರೆಯೂ ಇದೇ.

ಲೋಟಸ್ ಕಂಪನಿ ಕಟ್ಟಿದ ಬ್ರಿಟನ್ನಿನ ಕಾಲಿನ್ ಚಾಪ್‌ಮನ್ ಈ ಲೆಕ್ಕವನ್ನು ಬೇರೆಲ್ಲರಿಗಿಂತ ಹಟದಿಂದ ಹಿಡಿದವರು. 1957ರ ಲೋಟಸ್ ಸೆವೆನ್ ಹೆಚ್ಚುಕಡಿಮೆ ಒಂದು ಕೊಳವೆ ಚೌಕಟ್ಟು, ನಾಲ್ಕು ಚಕ್ರ, ಒಂದು ಎಂಜಿನ್ ಮಾತ್ರ. 1962ರ ಲೋಟಸ್ ಎಲಾನ್ ಅದಕ್ಕಿಂತ ಪಕ್ವವಾದ ಕಾರು. ನಡುವೆ ಬೆನ್ನೆಲುಬಿನಂಥ ಉಕ್ಕಿನ ಚಾಸಿಸ್, ಮೇಲೆ ಫೈಬರ್‌ಗ್ಲಾಸ್ ಹೊದಿಕೆ, ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್, 700 ಕಿಲೋಗ್ರಾಂ ಮುಟ್ಟದ ತೂಕ. ಅದರ ಸ್ಪ್ರಿಂಗುಗಳು ಮೆತ್ತಗಿದ್ದವು ಎಂಬುದನ್ನು ಮರೆಯಬಾರದು; ಸ್ಪೋರ್ಟ್ಸ್ ಕಾರೆಂದರೆ ಬೆನ್ನು ಮುರಿಯುವಷ್ಟು ಬಿಗಿಯಾಗಿರಬೇಕು ಎಂಬ ನಂಬಿಕೆ ತಪ್ಪೆಂದು ಎಲಾನ್ ಆಗಲೇ ತೋರಿಸಿತ್ತು.

ಹಾಗೆಂದು ಹಗುರವಾಗಿದ್ದರೆ ಸಾಕು ಎನ್ನುವಂತಿಲ್ಲ. ಅದೇ 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಕೂಡ ಚಿಕ್ಕದು, ಹಗುರ, ಹಿಂಚಕ್ರ ಚಾಲನೆಯದು. ಆದರೆ ಅದರ ಹಿಂದಿನ ಚಕ್ರಗಳು ಸ್ವಿಂಗ್ ಆಕ್ಸಲ್ ಮೇಲೆ ಕೂತಿದ್ದವು: ಅಂದರೆ ಚಕ್ರವೂ ಅದರ ಅರ್ಧ ಆಕ್ಸಲೂ ಒಂದೇ ತುಂಡಿನಂತೆ, ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಪಕ್ಕದ ಕೀಲಿನಿಂದ ಬಾಗಿಲಿನ ಹಾಗೆ ಮೇಲೆ ಕೆಳಗೆ ಆಡುತ್ತಿದ್ದವು. ರಭಸದ ತಿರುವಿನ ನಡುವೆ ಚಾಲಕ ಗಾಬರಿಯಾಗಿ ಆಕ್ಸಲರೇಟರಿನಿಂದ ಕಾಲು ತೆಗೆದನೆನ್ನಿ. ಭಾರ ಮುಂದಕ್ಕೆ ಸರಿಯುತ್ತದೆ, ಹಿಂಬದಿ ಮೇಲೇಳುತ್ತದೆ, ಹೊರಬದಿಯ ಚಕ್ರ ಕೆಳಗಿನಿಂದ ಒಳಕ್ಕೆ ಮಡಚಿಕೊಂಡು ಟೈರಿನ ಅಂಚಿನ ಮೇಲಷ್ಟೇ ನಿಲ್ಲುತ್ತದೆ. ಮುಂದಿನ ಕ್ಷಣದಲ್ಲಿ ಕಾರಿನ ಹಿಂಭಾಗ ಮುಂಭಾಗವನ್ನು ಹಿಂದಿಕ್ಕಲು ಹೊರಡುತ್ತದೆ. 1970ರ ಹೊತ್ತಿಗೆ ಕಂಪನಿ ಸ್ಪ್ರಿಂಗ್ ಜೋಡಣೆಯನ್ನು ಬದಲಿಸಿ ಇದನ್ನು ಬಹುಮಟ್ಟಿಗೆ ಹದಕ್ಕೆ ತಂದಿತು.

ಇನ್ನೊಂದು ಬ್ರಿಟಿಷ್ ಸ್ಪೋರ್ಟ್ಸ್ ಕಾರಾದ ಎಂಜಿಬಿಯ ಕಥೆ ಬೇರೆ ಬಗೆಯದು. ಅಲ್ಲಿ ಹ್ಯಾಂಡ್ಲಿಂಗ್ ಕೆಟ್ಟದ್ದು ವಿನ್ಯಾಸದ ಮೇಜಿನ ಮೇಲಲ್ಲ, ನಿಯಮದ ಪುಸ್ತಕದಿಂದ. ಅಮೆರಿಕದ ಸುರಕ್ಷತಾ ನಿಯಮಗಳಿಗೆ ಹೊಂದಿಸಲು 1974ರಲ್ಲಿ ಆ ಕಾರಿಗೆ ದಪ್ಪ ರಬ್ಬರ್ ಬಂಪರುಗಳು ಬಂದವು, ನೆಲದಿಂದ ಎತ್ತರ ಸುಮಾರು ಒಂದು ಇಂಚು ಏರಿತು, ಸಾಲದ್ದಕ್ಕೆ ಕಾರು ವಾಲದಂತೆ ತಡೆಯುವ ಮುಂದಿನ ಆಂಟಿ-ರೋಲ್ ಬಾರ್ ಅನ್ನೂ ಕೈಬಿಟ್ಟರು. ಕಾರು ತಿರುವಿನಲ್ಲಿ ದೋಣಿಯಂತೆ ವಾಲತೊಡಗಿತು. ಕೆಲವೇ ವರ್ಷಗಳಲ್ಲಿ ಬಾರ್ ಮರಳಿತಾದರೂ ಹೆಸರು ಮರಳಲಿಲ್ಲ. 1980ರಲ್ಲಿ ಅದನ್ನು ತಯಾರಿಸುತ್ತಿದ್ದ ಆಬಿಂಗ್ಡನ್ ಕಾರ್ಖಾನೆ ಮುಚ್ಚಿತು.

ಹೀಗೆ ಖಾಲಿಯಾಗುತ್ತಿದ್ದ ಜಾಗ ಮೊದಲು ಕಣ್ಣಿಗೆ ಬಿದ್ದದ್ದು ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತರಿಗೆ. ಹಳೆಯ ಬ್ರಿಟಿಷ್ ಬಗೆಯ ಸರಳ ಸ್ಪೋರ್ಟ್ಸ್ ಕಾರೊಂದನ್ನು ಮಾಡಿ ಎಂದು ಅವರು 1979ರಲ್ಲಿ ಮಾಜ್ದಾದ ಕೆನಿಚಿ ಯಮಾಮೊಟೊ ಅವರಿಗೆ ಹೇಳಿದ್ದರು. ಹತ್ತು ವರ್ಷಗಳ ನಂತರ, 1989ರ ಫೆಬ್ರುವರಿಯಲ್ಲಿ, ಷಿಕಾಗೋ ಪ್ರದರ್ಶನದಲ್ಲಿ ಎಂಎಕ್ಸ್-5 ತೆರೆ ಕಂಡಿತು. 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ, ಒಂದು ಟನ್ನಿಗಿಂತ ಕಡಿಮೆ ತೂಕ, 185 ಮಿಲಿಮೀಟರ್ ಅಗಲದ ಸಾಧಾರಣ ಟೈರು. ಹೊರಗಿನಿಂದ ಕಾಣದ ಒಂದು ಭಾಗದಲ್ಲಿ ಈ ಕಾರಿನ ಗುಟ್ಟಿದೆ: ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲನ್ನೂ ಒಂದು ಅಲ್ಯುಮಿನಿಯಂ ತೊಲೆಯಿಂದ ಬಿಗಿದಿದ್ದಾರೆ. ಹೀಗೆ ಬಿಗಿದದ್ದರಿಂದ ಕಾಲು ಒತ್ತಿದಾಗ ಎಂಜಿನ್ನಿನ ಎಳೆತ ರಬ್ಬರ್ ಬುಷ್‌ಗಳನ್ನು ತಿರುಚುವುದರಲ್ಲಿ ವ್ಯಯವಾಗದೆ ನೇರವಾಗಿ ಚಕ್ರಕ್ಕೆ ತಲುಪುತ್ತದೆ. ನನ್ನ ಮಟ್ಟಿಗೆ, ಅದರ ಅಶ್ವಶಕ್ತಿಗಿಂತ ಈ ತೊಲೆಯೇ ಹೆಚ್ಚು ದೊಡ್ಡ ಸಂಗತಿ.

ಎಂಜಿನ್ ಎಲ್ಲಿರಬೇಕು ಎಂಬುದು ವಾದದ ಇನ್ನೊಂದು ಕವಲು. ಭಾರವೆಲ್ಲ ಕಾರಿನ ನಡುವೆ ಇದ್ದರೆ ಅದನ್ನು ತಿರುಗಿಸುವುದು ಸುಲಭ, ಕೈ ಚಾಚಿ ನಿಂತವನಿಗಿಂತ ಕೈ ಮಡಚಿ ನಿಂತವನು ಬೇಗ ಗಿರಕಿ ಹೊಡೆಯುವ ಹಾಗೆ. ಆದರೆ ಬೇಗ ತಿರುಗುವುದು ಬೇಡದ ಹೊತ್ತಿನಲ್ಲೂ ಬೇಗ ತಿರುಗುತ್ತದೆ. ಟೊಯೊಟಾ 1989ರಲ್ಲಿ ತಂದ ಎರಡನೆಯ ಎಂಆರ್2 ಇದಕ್ಕೇ ಕುಖ್ಯಾತವಾಯಿತು. ತಿರುವಿನ ನಡುವೆ ಕಾಲೆತ್ತಿದವರಿಗೆ ಎಚ್ಚರಿಕೆ ಸಿಗುವ ಮೊದಲೇ ಹಿಂಭಾಗ ಜಾರುತ್ತಿತ್ತು, ಮತ್ತು 1990ರ ದಶಕದ ಆರಂಭದಲ್ಲೇ ಕಂಪನಿ ಸಸ್ಪೆನ್ಷನ್ನನ್ನೂ ಟೈರುಗಳನ್ನೂ ತಿದ್ದಬೇಕಾಯಿತು. 1996ರ ಲೋಟಸ್ ಎಲೀಸ್ ಅದೇ ನಡು-ಎಂಜಿನ್ ವಿನ್ಯಾಸವನ್ನು ಅಂಟಿನಿಂದ ಬೆಸೆದ ಅಲ್ಯುಮಿನಿಯಂ ಚಾಸಿಸ್ ಮೇಲೆ ಇಟ್ಟು, 725 ಕಿಲೋಗ್ರಾಂ ತೂಕಕ್ಕೆ ಇಳಿಸಿ, 118 ಅಶ್ವಶಕ್ತಿಯಲ್ಲಿ ಎಷ್ಟೋ ದೊಡ್ಡ ಕಾರುಗಳನ್ನು ನಾಚಿಸಿತು.

ಎಸ್2000ಕ್ಕೆ ಬರೋಣ. ಎಂಜಿನ್ ಮುಂದಿದ್ದರೂ ಮುಂದಿನ ಆಕ್ಸಲಿಗಿಂತ ಹಿಂದಕ್ಕಿತ್ತು. ಭಾರ ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ಸಮನಾಗಿ ಹಂಚಿತ್ತು. ಆದರೂ ಮೊದಲ ವರ್ಷಗಳ ಕಾರುಗಳು ಚಂಚಲ ಎನಿಸಿಕೊಂಡವು, ಏಕೆಂದರೆ ಹಿಂದಿನ ಚಕ್ರ ಮೇಲೆ ಕೆಳಗೆ ಆಡಿದಂತೆ ಅದರ ದಿಕ್ಕೂ ತುಸು ಬದಲಾಗುತ್ತಿತ್ತು. 2004ರ ಮಾದರಿಯಲ್ಲಿ ಹೊಂಡಾ ಇದನ್ನೇ ತಗ್ಗಿಸಿತು. ಹೀಗಾಗಿ ಎಂಎಕ್ಸ್-5 ಜೊತೆ ಹೋಲಿಸುವಾಗ ಯಾವ ವರ್ಷದ ಎಸ್2000 ಎಂದು ಕೇಳದೆ ತೀರ್ಪು ಕೊಡುವುದು ಸರಿಯಲ್ಲ.

2012ರ ಟೊಯೊಟಾ 86 ಮತ್ತು ಅದರ ಅವಳಿ ಸುಬಾರು ಬಿಆರ್‌ಝಡ್ ಈ ಚರ್ಚೆಯನ್ನು ಬಹಿರಂಗವಾಗಿಯೇ ಎತ್ತಿದವು. 200 ಅಶ್ವಶಕ್ತಿಯ ಈ ಕಾರುಗಳಿಗೆ ಹಾಕಿದ್ದು 215 ಮಿಲಿಮೀಟರಿನ, ಇಂಧನ ಉಳಿತಾಯಕ್ಕೆ ಹೆಸರಾದ ಪ್ರಿಯಸ್ ಕಾರಿನ ಕೆಲವು ಮಾದರಿಗಳಿಗೂ ಹಾಕುತ್ತಿದ್ದ ಟೈರು. ಹಿಡಿತ ಕಡಿಮೆಯಾದರೆ ಮಿತಿ ಬೇಗ ಬರುತ್ತದೆ, ಆದರೆ ಮೆಲ್ಲಗೆ, ಮುನ್ಸೂಚನೆ ಕೊಟ್ಟು ಬರುತ್ತದೆ ಎಂಬುದು ಅಲ್ಲಿನ ಎಣಿಕೆ. ಅಗಲ ಟೈರು ಹಾಕಿದವರಿಗೆ ಸುತ್ತಿನ ಸಮಯ ಇಳಿಯಿತು, ಆ ಆಟವೂ ಅಷ್ಟೇ ಇಳಿಯಿತು. ಎಂಜಿನ್ನಿನ ನಡು ವೇಗದಲ್ಲಿ ಟಾರ್ಕ್ (ತಿರುಗಿಸುವ ಬಲ) ಕುಸಿಯುತ್ತಿದ್ದುದು ಮಾತ್ರ ನಿಜವಾದ ಕೊರತೆಯೇ, 2021ರ 2.4 ಲೀಟರ್ ಎಂಜಿನ್ ಅದನ್ನು ತುಂಬಿತು.

2015ರ ನಾಲ್ಕನೆಯ ಎಂಎಕ್ಸ್-5, ತನ್ನ ಹಿಂದಿನದಕ್ಕಿಂತ ಸುಮಾರು 100 ಕಿಲೋಗ್ರಾಂ ಹಗುರವಾಗಿ ಬಂದು ಅಚ್ಚರಿ ಮೂಡಿಸಿತು. ತಿರುವಿನಲ್ಲಿ ತೀರ ವಾಲುತ್ತದೆ, ಹಿಂಭಾಗ ಏಳುತ್ತದೆ ಎಂಬ ದೂರೂ ಜೊತೆಗೇ ಬಂತು. 2022ರ ಮಾದರಿಗೆ ಮಾಜ್ದಾ ಸೇರಿಸಿದ ವ್ಯವಸ್ಥೆ, ರಭಸದ ತಿರುವಿನಲ್ಲಿ ಒಳಬದಿಯ ಹಿಂಚಕ್ರಕ್ಕೆ ಚಾಲಕನಿಗೆ ತಿಳಿಯದಷ್ಟು ಹಗುರಾಗಿ ಬ್ರೇಕ್ ಹಾಕುತ್ತದೆ. ಸಸ್ಪೆನ್ಷನ್ನಿನ ಜೋಡಣೆಯಿಂದಾಗಿ ಆ ಸಣ್ಣ ಎಳೆತವೇ ಕಾರಿನ ಹಿಂಬದಿಯನ್ನು ನೆಲದತ್ತ ಒತ್ತಿಹಿಡಿಯುತ್ತದೆ. ಸ್ಪಿಟ್‌ಫೈರಿನ ಹಿಂಬದಿ ಯಾವ ಕ್ಷಣದಲ್ಲಿ ಮೇಲೇಳುತ್ತಿತ್ತೋ ಆ ಕ್ಷಣಕ್ಕೇ ಹಾಕಿದ ಬ್ರೇಕ್ ಇದು. ಇದಕ್ಕಾಗಿ ಕಾರಿಗೆ ಹೊಸದಾಗಿ ಒಂದು ಬಿಡಿಭಾಗದ ತೂಕವೂ ಸೇರಲಿಲ್ಲ.