ಆಪರೇಷನ್ ಟೇಬಲ್ಲಿನ ತಲೆಬದಿಯಲ್ಲಿ ಯಾರಿದ್ದಾರೆ?

ಬೆಳಗಾವಿ ಕಡೆ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಅಂದರೆ ಮೊದಲು ಬರುವ ಪ್ರಶ್ನೆ ಒಂದೇ: "ಯಾವ ಡಾಕ್ಟರ್ ಮಾಡ್ತಾರ್ರೀ?" ಅವರ ಕೈಗುಣ ಹೇಗೆ, ಖರ್ಚು ಎಷ್ಟು, ಕಾರ್ಡ್ ನಡೆಯುತ್ತಾ ಅನ್ನುವುದೆಲ್ಲ ಆಮೇಲೆ. ಭೂಲ್, ಅಂದರೆ ಅರಿವಳಿಕೆ, ಕೊಡುವವರು ಯಾರು ಎಂದು ಕೇಳುವವರು ಅಪರೂಪ. ಎಷ್ಟೋ ಜನರಿಗೆ ಅದಕ್ಕೆ ಬೇರೆಯೇ ಡಾಕ್ಟರ್ ಇರುತ್ತಾರೆ ಅನ್ನುವುದೂ ಗೊತ್ತಿರುವುದಿಲ್ಲ. ಸರ್ಜನ್ನರೇ ಒಂದು ಇಂಜೆಕ್ಷನ್ ಕೊಟ್ಟು ಮಲಗಿಸುತ್ತಾರೆ ಅಂದುಕೊಂಡಿರುತ್ತಾರೆ.

ಸರ್ಜನ್ ಹೊಟ್ಟೆಯನ್ನೋ ಮೊಣಕಾಲನ್ನೋ ನೋಡುತ್ತಿರುವಾಗ ರೋಗಿಯ ಉಸಿರು, ನಾಡಿ, ಬಿಪಿ ಕಾಯುವವರು ಅರಿವಳಿಕೆ ಡಾಕ್ಟರ್. ಅವರು ತಲೆಬದಿಯಲ್ಲಿ ಇರುತ್ತಾರೆ. ಈ ಕೆಲಸ ಎಷ್ಟು ದೊಡ್ಡದು, ಅವರು ಏನನ್ನು ನೋಡುತ್ತಾ ಇರಬೇಕು ಅನ್ನುವುದು ಇತ್ಯರ್ಥ ಆಗಲು ಸುಮಾರು 140 ವರ್ಷ ಹಿಡಿಯಿತು. ಆ ಜಗಳದ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲಿ.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರ್ ಕೊಟ್ಟು, ನೋವಿಲ್ಲದೆ ಆಪರೇಷನ್ ಮಾಡಬಹುದು ಎಂದು ಎಲ್ಲರ ಮುಂದೆ ತೋರಿಸಿದ. ಮರುವರ್ಷ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ತಂದ. ಅದರ ವಾಸನೆ ಹಿತ, ಕೆಲಸ ಬೇಗ, ಬಟ್ಟೆಯ ಮೇಲೆ ನಾಲ್ಕು ಹನಿ ಹಾಕಿದರೆ ಸಾಕು. ಎಲ್ಲರೂ ಅದಕ್ಕೆ ಮುಗಿಬಿದ್ದರು.

ಮೂರು ತಿಂಗಳೂ ಆಗಿರಲಿಲ್ಲ. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರ ಹನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿಗೆ ಕಾಲಿನ ಉಗುರು ತೆಗೆಯಲು ಕ್ಲೋರೋಫಾರ್ಮ್ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಅವಳು ಸತ್ತಳು. ಕೆಲವು ತಿಂಗಳ ಹಿಂದೆ ಇದೇ ಹುಡುಗಿ ಈಥರ್ ತೆಗೆದುಕೊಂಡು ಇನ್ನೊಂದು ಉಗುರು ತೆಗೆಸಿಕೊಂಡಿದ್ದಳು, ಆಗ ಏನೂ ಆಗಿರಲಿಲ್ಲ. ಕ್ಲೋರೋಫಾರ್ಮಿನಿಂದ ಆಯಿತು ಎಂದು ದಾಖಲಾದ ಮೊದಲ ಸಾವು ಇದು. ಸಿಂಪ್ಸನ್ ಮಾತ್ರ ಒಪ್ಪಲಿಲ್ಲ. ಎಚ್ಚರಗೊಳಿಸಲು ಬಾಯಿಗೆ ನೀರು, ಬ್ರಾಂದಿ ಹಾಕಿದರಲ್ಲ, ಅದೇ ಉಸಿರು ಕಟ್ಟಿಸಿತು ಅಂದ. ಮದ್ದನ್ನು ಬಳಕೆಗೆ ತಂದವನಿಗೆ ಮದ್ದಿನ ತಪ್ಪು ಕಾಣುವುದು ಕಷ್ಟ, ಅಲ್ವಾ?

ಲಂಡನ್ನಿನ ಜಾನ್ ಸ್ನೋ ಈ ವಿಷಯದಲ್ಲಿ ಬೇರೆ ಥರದ ಮನುಷ್ಯ. ಕಾಲರಾ ನೀರಿನಿಂದ ಹರಡುತ್ತದೆ ಎಂದು ತೋರಿಸಿದನಲ್ಲ, ಅವನೇ. ಕ್ಲೋರೋಫಾರ್ಮ್ ಕೊಡುವುದೇ ಅವನ ಮುಖ್ಯ ಕಸುಬು. 1853ರಲ್ಲಿ ವಿಕ್ಟೋರಿಯಾ ರಾಣಿಗೆ ಹೆರಿಗೆಯಲ್ಲಿ ಕೊಟ್ಟವನೂ ಅವನೇ. ಎಲ್ಲಿ ಯಾರು ಕ್ಲೋರೋಫಾರ್ಮಿನಿಂದ ಸತ್ತರು ಎಂದು ಹುಡುಕಿ, 50 ಸಾವುಗಳನ್ನು ಒಂದೊಂದಾಗಿ ಬಿಡಿಸಿ ಬರೆದಿಟ್ಟ. ಗಾಳಿಯಲ್ಲಿ ಮದ್ದಿನ ಪ್ರಮಾಣ ಒಮ್ಮೆಗೇ ಜಾಸ್ತಿ ಆದರೆ ಹೃದಯವೇ ನಿಲ್ಲುತ್ತದೆ ಅನ್ನುವುದು ಅವನ ತೀರ್ಮಾನ.

ಇದನ್ನು ಎಡಿನ್‌ಬರೋ ಕಡೆಯವರು ಒಪ್ಪಲಿಲ್ಲ. ಅವರ ಪ್ರಕಾರ ಮೊದಲು ನಿಲ್ಲುವುದು ಉಸಿರು. ಅದನ್ನು ನೋಡುತ್ತಿದ್ದರೆ ಸಾಕು, ನಾಡಿ ಹಿಡಿದು ಕೂರುವವನು ಉಸಿರನ್ನು ಮರೆಯುತ್ತಾನೆ. ಅಲ್ಲಿ ಓದಿದ ಎಡ್ವರ್ಡ್ ಲಾರಿ ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ಸರ್ಜನ್ ಆಗಿ ಬಂದ. ತನ್ನ ಗುರುಗಳ ಮಾತನ್ನು ಸಾಬೀತು ಮಾಡಿಯೇ ತೀರುತ್ತೇನೆ ಎಂದು ಹೊರಟ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ದುಡ್ಡು ಕೊಟ್ಟರು. 1888ರಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಕಮಿಷನ್ ನಡೆಯಿತು. ನಾಯಿಗಳ ಮೇಲೆ ಪ್ರಯೋಗ ಮಾಡಿ, ಪ್ರತಿ ಸಲವೂ ಹೃದಯಕ್ಕಿಂತ ಮೊದಲು ಉಸಿರೇ ನಿಂತಿತು ಅಂದರು. ಲಂಡನ್ನಿನ ಪ್ರಸಿದ್ಧ ವೈದ್ಯಪತ್ರಿಕೆ ಲ್ಯಾನ್ಸೆಟ್ ಇದನ್ನು ನಂಬಲಿಲ್ಲ. ಹಾಗಾದರೆ ನಿಮ್ಮವರನ್ನೇ ಕಳಿಸಿ ಎಂದು ನಿಜಾಮರು ಮತ್ತೆ 1000 ಪೌಂಡ್ ಕೊಟ್ಟರು. 1889ರಲ್ಲಿ ಲಾಡರ್ ಬ್ರಂಟನ್ ಎಂಬ ದೊಡ್ಡ ವಿಜ್ಞಾನಿ ಹೈದರಾಬಾದಿಗೆ ಬಂದಿಳಿದ. ಮತ್ತೆ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಬ್ರಂಟನ್ ಕೂಡ ಲಾರಿಯ ಪಕ್ಷಕ್ಕೇ ವಾಲಿದ.

ನಿಜಾಮರ ದುಡ್ಡು, ಲಂಡನ್ನಿನ ಮುದ್ರೆ, ಇಷ್ಟೆಲ್ಲ ಆದರೂ ತೀರ್ಪು ತಪ್ಪಾಗಿತ್ತು. 1911ರಲ್ಲಿ ಗುಡ್‌ಮನ್ ಲೆವಿ ಎಂಬ ಡಾಕ್ಟರ್ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಗುಟ್ಟು ಬಿಡಿಸಿದ. ಕ್ಲೋರೋಫಾರ್ಮ್ ಹಗುರವಾಗಿ ಕೊಟ್ಟಿರುವಾಗ, ಹೆದರಿಕೆಯಿಂದಲೋ ನೋವಿನಿಂದಲೋ ಮೈಯಲ್ಲಿ ಅಡ್ರಿನಲಿನ್ ಏರಿದರೆ ಹೃದಯ ಬಡಿಯುವುದನ್ನು ಬಿಟ್ಟು ಸುಮ್ನೆ ನಡುಗತೊಡಗುತ್ತದೆ. ಉಸಿರು ಇನ್ನೂ ನಡೆಯುತ್ತಿರುವಾಗಲೇ ರಕ್ತ ಓಡುವುದು ನಿಂತಿರುತ್ತದೆ. ಹನ್ನಾ ಹೋಗಿದ್ದು ಬಹುಶಃ ಹೀಗೆಯೇ. ಹೈದರಾಬಾದಿನ ಪ್ರಯೋಗಗಳಲ್ಲಿ ಇದು ಯಾರ ಕಣ್ಣಿಗೂ ಬೀಳಲಿಲ್ಲ.

ಆದರೂ ಆ ಕಮಿಷನ್ ಪೂರ್ತಿ ವ್ಯರ್ಥ ಅಂತ ನನಗೆ ಅನ್ನಿಸುವುದಿಲ್ಲ. ಕ್ಲೋರೋಫಾರ್ಮ್ ಕೊಡುವವನ ಗಮನ ಆಪರೇಷನ್ ಕಡೆ ಹೋಗಲೇಬಾರದು, ಪೂರ್ತಿ ರೋಗಿಯ ಮೇಲೇ ಇರಬೇಕು ಅನ್ನುವ ಮಾತನ್ನು ಲಾರಿಯಷ್ಟು ಹಟದಿಂದ ಹೇಳಿದವರು ಕಡಿಮೆ. ಅವನ ಕೈಕೆಳಗೆ ಕಲಿತ ರೂಪಾಬಾಯಿ ಫರ್ದೂನ್‌ಜಿ ಅದನ್ನೇ ವೃತ್ತಿ ಮಾಡಿಕೊಂಡರು. ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಅವರ ಹೆಸರು ಬರುತ್ತದೆ.

ಆಗ ನಮ್ಮ ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬೈ ಪ್ರಾಂತ್ಯದಲ್ಲಿದ್ದವು. ಅಥಣಿ, ಚಿಕ್ಕೋಡಿ, ಜಮಖಂಡಿ ಕಡೆಯ ಹಳೆಯ ತಲೆಗಳನ್ನು ಕೇಳಿ ನೋಡಿ. ದೊಡ್ಡ ಆಪರೇಷನ್ ಅಂದರೆ "ಮಿರಜಿಗೆ ಒಯ್ದ್ರು" ಅನ್ನುತ್ತಾರೆ. 1894ರಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಷನರಿ ಡಾಕ್ಟರ್ ಮಿರಜಿನಲ್ಲಿ ತೆರೆದ ಆಸ್ಪತ್ರೆಗೆ ಇಡೀ ಗಡಿಭಾಗ ಹೋಗುತ್ತಿತ್ತು. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಶುರುವಾಗಿದ್ದು 1963ರಲ್ಲಿ. ವಿಜಾಪುರದ ಬಿಎಲ್‌ಡಿಇ ಕಾಲೇಜು 1986ರಲ್ಲಿ ಬಂತು. ಬಾಗಲಕೋಟೆಗೆ ಮೆಡಿಕಲ್ ಕಾಲೇಜು ಸಿಕ್ಕಿದ್ದು 2002ರಲ್ಲಿ. ಈ ಮೂರೂ ಊರುಗಳಲ್ಲಿ ಇವತ್ತು ಅರಿವಳಿಕೆಯಲ್ಲೇ ಎಂಡಿ ಮಾಡಿದವರು ತಯಾರಾಗುತ್ತಿದ್ದಾರೆ.

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಸಲಕರಣೆ ಬಹಳ ಸುಧಾರಿಸಿತು. 1917ರಲ್ಲಿ ಲಂಡನ್ನಿನ ಡಾಕ್ಟರ್ ಬಾಯ್ಲ್ ತಯಾರಿಸಿದ ಅರಿವಳಿಕೆ ಗ್ಯಾಸ್ ಯಂತ್ರದ ಹೆಸರು ಇನ್ನೂ ನಮ್ಮ ಥಿಯೇಟರುಗಳಲ್ಲಿ ಉಳಿದಿದೆ. ಯಂತ್ರ ಯಾವ ಕಂಪನಿಯದ್ದೇ ಇರಲಿ, ಸಿಬ್ಬಂದಿಗೆ ಅದು "ಬಾಯ್ಲ್ಸ್". 1952ರಲ್ಲಿ ಬಂದ ಇನ್ನೊಂದು ಜಾಣ ಉಪಾಯ ಸಿಲಿಂಡರಿನ ಪಿನ್ನು. ಆಕ್ಸಿಜನ್ ಜಾಗಕ್ಕೆ ಬೇರೆ ಗ್ಯಾಸಿನ ಸಿಲಿಂಡರ್ ಕೂಡಿಸಿಬಿಟ್ಟು ಸಾವುಗಳಾಗುತ್ತಿದ್ದವು. ಒಂದೊಂದು ಗ್ಯಾಸಿಗೆ ಒಂದೊಂದು ಜಾಗದಲ್ಲಿ ತೂತು, ಅದಕ್ಕೆ ಸರಿಹೊಂದುವ ಪಿನ್ನು ಮಾಡಿದ ಮೇಲೆ ತಪ್ಪು ಸಿಲಿಂಡರ್ ಕೂರುವುದೇ ಇಲ್ಲ.

ಇನ್ನು ಉಪವಾಸದ ವಿಷಯ. ನಮ್ಮ ವಾರ್ಡುಗಳಲ್ಲಿ ದಿನಾ ಜಗಳ ನಡೆಯುವುದು ಇದರ ಮೇಲೆಯೇ. "ಒಂದೀಟು ಚಾ ಕುಡದ್ರ ಏನಾಗ್ತದ್ರೀ ಸಿಸ್ಟರ್?" ಎಂದು ಅತ್ತೆಯೋ ಅವ್ವನೋ ಕೇಳದ ವಾರ್ಡ್ ಇಲ್ಲ. ಕರುಣೆಯ ಮಾತೇ ಅದು. 1946ರಲ್ಲಿ ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ ಇದಕ್ಕೆ ಉತ್ತರ ಕೊಟ್ಟ. 44,016 ಹೆರಿಗೆಗಳ ದಾಖಲೆ ತೆಗೆದು ನೋಡಿದ. ಅದರಲ್ಲಿ 66 ಹೆಣ್ಣುಮಕ್ಕಳಿಗೆ ಅರಿವಳಿಕೆಯಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿತ್ತು. ಎಚ್ಚರ ಇರುವಾಗ ಗಂಟಲಿಗೆ ಏನಾದರೂ ಅಡ್ಡ ಬಂದರೆ ಕೆಮ್ಮುತ್ತೇವೆ. ಅರಿವಳಿಕೆಯಲ್ಲಿ ಆ ಕೆಮ್ಮು ಇರುವುದಿಲ್ಲ. ಅನ್ನದ ಅಗುಳು ಉಸಿರು ಕಟ್ಟಿಸುತ್ತದೆ, ಹೊಟ್ಟೆಯ ಹುಳಿರಸ ಶ್ವಾಸಕೋಶವನ್ನು ಸುಡುತ್ತದೆ.

ಈಗಿನ ಲೆಕ್ಕ ಹೀಗಿದೆ: ಊಟ, ಹಾಲು, ಹಾಲು ಹಾಕಿದ ಚಹಾಕ್ಕೆ 6 ಗಂಟೆ ಬಿಡುವು ಬೇಕು. ಕರಿದ ತಿಂಡಿಗೆ 8 ಗಂಟೆ. ಎದೆಹಾಲು ಕುಡಿಯುವ ಕೂಸಿಗೆ 4 ಗಂಟೆ. ಬರೀ ನೀರನ್ನು 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ಈ ಕೊನೆಯದನ್ನು ನಮ್ಮಲ್ಲಿ ಹೇಳುವವರೇ ಕಡಿಮೆ. "ರಾತ್ರಿ ಹನ್ನೆರಡರ ಮ್ಯಾಲೆ ಏನೂ ಬ್ಯಾಡ" ಅಂದುಬಿಡುತ್ತಾರೆ. ಲಿಸ್ಟಿನಲ್ಲಿ ಕೊನೆಗೆ ಇರುವ ಅಜ್ಜ ಮಧ್ಯಾಹ್ನ ಮೂರರವರೆಗೆ ಬಾಯಿ ಒಣಗಿಸಿಕೊಂಡು ಕೂರುತ್ತಾನೆ. ಅದೂ ವಿಜಾಪುರದ ಏಪ್ರಿಲ್ ಬಿಸಿಲಲ್ಲಿ. ಇದು ಸುರಕ್ಷತೆ ಅಲ್ಲ, ಸೋಮಾರಿತನ.

ನಿಪ್ಪಾಣಿ, ಚಿಕ್ಕೋಡಿ ಸೀಮೆ ತಂಬಾಕಿನದು. ಜಗಿಯುವವರೂ ಬಹಳ. ಗುಟ್ಕಾ, ಅಡಿಕೆ ತಿಂದು ತಿಂದು ಕೆನ್ನೆಯ ಒಳಪದರ ಗಟ್ಟಿಯಾದರೆ ಬಾಯಿ ತೆರೆಯುವುದೇ ಇಲ್ಲ. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಡಾಕ್ಟರ್ ಬಂದು "ಬಾಯಿ ತೆಗೀರಿ, ನಾಲಿಗೆ ಹೊರಗ ಹಾಕ್ರಿ" ಅನ್ನುತ್ತಾರಲ್ಲ, ಅದಕ್ಕೆ ಕಾರಣ ಇದೆ. ಮೂರು ಬೆರಳು ಹಿಡಿಯುವಷ್ಟು ಬಾಯಿ ತೆರೆದರೆ ಅವರಿಗೆ ಸಮಾಧಾನ. ಒಂದೇ ಬೆರಳು ಹೋಗುತ್ತದೆ ಅಂದರೆ ಉಸಿರಿನ ಕೊಳವೆ ಹಾಕುವುದು ದೊಡ್ಡ ಸಾಹಸ, ಬೇರೆ ತಯಾರಿ ಬೇಕು. ನಾಲಿಗೆಯ ಹಿಂದೆ ಗಂಟಲು ಎಷ್ಟು ಕಾಣುತ್ತದೆ ಎಂದು ಅಳೆಯುವ ಪದ್ಧತಿಯನ್ನು 1985ರಲ್ಲಿ ಪ್ರಕಟಿಸಿದ್ದು ಬಾಸ್ಟನ್ನಿನಲ್ಲಿದ್ದ ಆಂಧ್ರ ಮೂಲದ ಶೇಷಗಿರಿರಾವ್ ಮಲ್ಲಂಪಾಟಿ. ಪ್ರಪಂಚದಾದ್ಯಂತ ಇವತ್ತಿಗೂ ಅವರ ಹೆಸರಿನಲ್ಲೇ ಅಂಕ ಕೊಡುತ್ತಾರೆ. ಆದ್ದರಿಂದ ಗುಟ್ಕಾ ತಿನ್ನುವುದನ್ನು ಡಾಕ್ಟರಿಂದ ಮುಚ್ಚಿಡಬೇಡಿ. ಹೆಂಡತಿಯಿಂದ ಮುಚ್ಚಿಡುವುದು ನಿಮ್ಮಿಷ್ಟ.

ಇಷ್ಟಾದರೂ 1970ರವರೆಗೆ ನೋಡುವ ಕೆಲಸ ಬಹುಪಾಲು ಬೆರಳು, ಕಿವಿ, ಕಣ್ಣಿನದಾಗಿತ್ತು. ನಾಡಿಯ ಮೇಲೆ ಒಂದು ಕೈ, ಉಸಿರಿನ ಚೀಲದ ಮೇಲೆ ಇನ್ನೊಂದು ಕೈ. ತುಟಿ ನೀಲಿ ಆಯಿತಾ ಅಂತ ನೋಡಬೇಕು. ಆದರೆ ಕಣ್ಣನ್ನು ನಂಬುವಂತಿಲ್ಲ ಎಂದು 1947ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿದ್ದರು. ರಕ್ತದ ಆಕ್ಸಿಜನ್ ಮಟ್ಟ ಶೇ 80ರ ಆಸುಪಾಸಿಗೆ ಕುಸಿಯುವವರೆಗೆ ನುರಿತವರಿಗೂ ನೀಲಿ ಖಚಿತವಾಗಿ ಕಾಣುತ್ತಿರಲಿಲ್ಲ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಂತೂ ಇನ್ನೂ ಕಷ್ಟ.

ಇದಕ್ಕೆ ದಾರಿ ತೋರಿಸಿದ್ದು ಜಪಾನಿನ ಎಂಜಿನಿಯರ್ ತಾಕುವೊ ಅವೊಯಾಗಿ. 1970ರ ದಶಕದ ಮೊದಲರ್ಧದಲ್ಲಿ ಅವರು ಪಲ್ಸ್ ಆಕ್ಸಿಮೀಟರಿನ ತತ್ವ ಕಂಡುಹಿಡಿದರು. ಬೆಳಕು ಬೆರಳನ್ನು ದಾಟುವಾಗ ನಾಡಿಯ ಜೊತೆ ಏರಿಳಿಯುವ ಭಾಗವನ್ನು ಮಾತ್ರ ಹಿಡಿದರೆ ಅಪಧಮನಿಯ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಗೊತ್ತಾಗುತ್ತದೆ. ಕೋವಿಡ್ ಬಂದಾಗ ಹಳ್ಳಿಹಳ್ಳಿಯ ಆಶಾ ಕಾರ್ಯಕರ್ತೆಯರ ಕೈಗೆ ಬಂದದ್ದು ಇದೇ ಯಂತ್ರ. ಆಪರೇಷನ್ನಿಗೆ ಮುಂಚೆ ಉಗುರುಬಣ್ಣ ಅಳಿಸಿ ಅನ್ನುವುದೂ ಈ ಬೆಳಕಿಗೆ ಅಡ್ಡ ಬರಬಾರದು ಎಂದು.

ಯಂತ್ರ ಬಂದರೆ ಮುಗಿಯಿತಾ? 1978ರಲ್ಲಿ ಜೆಫ್ರಿ ಕೂಪರ್ ಎಂಬ ಎಂಜಿನಿಯರ್ ಅರಿವಳಿಕೆ ಕೊಡುವಾಗ ಆದ, ತಪ್ಪಿಸಬಹುದಾಗಿದ್ದ 359 ಘಟನೆಗಳನ್ನು ಕಲೆಹಾಕಿದ. ಅದರಲ್ಲಿ ಶೇ 82ರಷ್ಟು ಮನುಷ್ಯರ ತಪ್ಪಿನಿಂದ ಆದವು. ತಪ್ಪು ಸಿರಿಂಜ್, ಕಳಚಿದ ಕೊಳವೆ ಇತ್ಯಾದಿ. 1986ರಲ್ಲಿ ಹಾರ್ವರ್ಡಿನ ಆಸ್ಪತ್ರೆಗಳು ಅರಿವಳಿಕೆಗೆ ಕಡ್ಡಾಯ ನಿಯಮಗಳನ್ನು ಪ್ರಕಟಿಸಿದವು. ಬಿಪಿ ಮತ್ತು ನಾಡಿಯನ್ನು ಕನಿಷ್ಠ ಐದು ನಿಮಿಷಕ್ಕೊಮ್ಮೆ ನೋಡಬೇಕು, ಇಸಿಜಿ ಸತತ ಓಡುತ್ತಿರಬೇಕು ಎಂದೆಲ್ಲ ಅದರಲ್ಲಿತ್ತು. ಎಲ್ಲಕ್ಕಿಂತ ಮೊದಲಿನ ನಿಯಮದಲ್ಲಿ ಯಂತ್ರದ ಮಾತೇ ಇಲ್ಲ. ಆಪರೇಷನ್ ಮುಗಿಯುವವರೆಗೆ ಅರಿವಳಿಕೆ ಕೊಡುವವರು ಕೋಣೆಯಲ್ಲೇ ಇರಬೇಕು, ಅಷ್ಟೇ. ಅಷ್ಟನ್ನೂ ಬರೆದು ಹೇಳಬೇಕಾಗಿ ಬಂತು ನೋಡಿ.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಂಶಗಳ ಚೆಕ್‌ಲಿಸ್ಟ್ ಹೊರತಂದಿತು. ರೋಗಿ ಇವರೇನಾ, ಯಾವ ಕಡೆಯ ಕಾಲು, ಅಲರ್ಜಿ ಇದೆಯಾ, ರಕ್ತ ಸಿದ್ಧವಿದೆಯಾ, ಕೊನೆಗೆ ಬಟ್ಟೆ, ಸೂಜಿ ಎಣಿಕೆ ಸರಿ ಇದೆಯಾ ಎಂದು ಗಟ್ಟಿಯಾಗಿ ಕೇಳಿ ಹೇಳಬೇಕು. ದೆಹಲಿ ಸೇರಿ ಎಂಟು ನಗರಗಳಲ್ಲಿ ಪ್ರಯೋಗಿಸಿದಾಗ ಸಾವು ಶೇ 1.5ರಿಂದ 0.8ಕ್ಕೆ ಇಳಿಯಿತು. ಆದರೆ ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳಿಗೆ ಇದೇ ಪಟ್ಟಿ ಬಂದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು 2014ರಲ್ಲಿ ವರದಿ ಬಂತು. ಪಟ್ಟಿ ಒಂದೇ, ಫಲ ಬೇರೆ.

ಈ ಚೆಕ್‌ಲಿಸ್ಟಿನ ಕಥೆಯಲ್ಲಿ ಬೆಳಗಾವಿಯೂ ಇದೆ. ಇದರ ತಂಗಿಯಂತಿರುವ ಹೆರಿಗೆ ಚೆಕ್‌ಲಿಸ್ಟನ್ನು 2010ರಲ್ಲಿ ಕರ್ನಾಟಕದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ವೈದ್ಯರು ಜೊತೆಗಿದ್ದರು. ಮಾಡಲೇಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಮಾತ್ರ ಆಗುತ್ತಿದ್ದವು. ಆಮೇಲೆ ಅದು 25ಕ್ಕೆ ಏರಿತು. ಅದೇ ಪಟ್ಟಿಯನ್ನು ಉತ್ತರ ಪ್ರದೇಶದಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಹೆರಿಗೆಗಳಲ್ಲಿ ನೋಡಿದಾಗ ಕೆಲಸದ ರೀತಿ ಸುಧಾರಿಸಿತು, ಸಾವು ಮಾತ್ರ ಕಡಿಮೆ ಆಗಲಿಲ್ಲ. ಕಾಗದಕ್ಕೆ ಜನ, ಔಷಧ, ರಕ್ತ ಎಲ್ಲ ಜೊತೆಯಾಗಬೇಕು.

ಜನರ ಕೊರತೆಯೇ ನಮ್ಮ ಜಿಲ್ಲೆಗಳ ದೊಡ್ಡ ಸಂಕಟ. ತಾಲ್ಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞರಿದ್ದರೂ ಅರಿವಳಿಕೆ ಡಾಕ್ಟರ್ ರಜೆಯಲ್ಲಿದ್ದರೆ ರಾತ್ರಿ ಸಿಸೇರಿಯನ್ ಆಗುವುದಿಲ್ಲ. ಗರ್ಭಿಣಿಯನ್ನು ಆಂಬುಲೆನ್ಸ್ ಹತ್ತಿಸಿ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ಇದಕ್ಕೇ ಕೇಂದ್ರ ಸರ್ಕಾರ ಎಂಬಿಬಿಎಸ್ ಡಾಕ್ಟರುಗಳಿಗೆ ತುರ್ತು ಹೆರಿಗೆಯ ಅರಿವಳಿಕೆಯಲ್ಲಿ 18 ವಾರಗಳ ತರಬೇತಿ ಶುರು ಮಾಡಿತು. ಎಂಡಿ ಮಾಡಿದವರಿಗೆ ಇದು ಅಷ್ಟು ಹಿಡಿಸಲಿಲ್ಲ. ಅವರ ಆತಂಕ ಸುಳ್ಳಲ್ಲ. ಆದರೆ ನಡುರಾತ್ರಿ ಯಾರೂ ಇಲ್ಲದಿರುವುದಕ್ಕಿಂತ ತರಬೇತಿ ಆದವರೊಬ್ಬರು ಇರುವುದು ಲೇಸು ಅನ್ನುವುದು ನನ್ನ ಅಭಿಪ್ರಾಯ.

ಪಟ್ಟಣದ ನರ್ಸಿಂಗ್ ಹೋಮುಗಳ ಕಥೆ ಬೇರೆ. ಅಲ್ಲಿ ಎಷ್ಟೋ ಕಡೆ ಅರಿವಳಿಕೆ ಡಾಕ್ಟರ್ ಹೊರಗಿನಿಂದ ಬರುತ್ತಾರೆ. ಒಂದು ಆಸ್ಪತ್ರೆಯಲ್ಲಿ ಮುಗಿಸಿ ಇನ್ನೊಂದಕ್ಕೆ ಓಡುತ್ತಾರೆ. ಆಪರೇಷನ್ ನಡೆಯುವಾಗ ಕಾವಲು ಬಿಗಿಯಾಗಿಯೇ ಇರುತ್ತದೆ. ಅದು ಸಡಿಲವಾಗುವುದು ಆಮೇಲಿನ ಮೊದಲ ಒಂದೆರಡು ಗಂಟೆಯಲ್ಲಿ. ಅರ್ಧ ಮಂಪರಿನಲ್ಲಿ ನಾಲಿಗೆ ಹಿಂದೆ ಬೀಳಬಹುದು, ಉಸಿರು ಇಳಿಯಬಹುದು, ಒಳಗೆ ರಕ್ತ ಸೋರಬಹುದು. ಆದ್ದರಿಂದ ಸಹಿ ಹಾಕುವ ಮುಂಚೆ ಎರಡು ಮಾತು ಕೇಳಲು ನಾಚಿಕೆ ಬೇಡ: "ಭೂಲ್ ಕೊಡೋ ಡಾಕ್ಟರ್ ಯಾರ್ರೀ, ಪೇಷಂಟ್‌ಗೆ ಪೂರಾ ಎಚ್ಚರ ಆಗೋತನಕ ಇರ್ತಾರೇನ್ರೀ?" "ವಾರ್ಡಿಗೆ ತಂದ ಮ್ಯಾಲೆ ಬೆರಳಿಗೆ ಮಷಿನ್ ಹಾಕಿ ಯಾರು ನೋಡ್ಕೋತಾರ್ರೀ?" ಎರಡನೆಯದಕ್ಕೆ "ನೀವೇ ಬಾಜೂಕ ಕೂತು ನೋಡ್ಕೋರಿ" ಅನ್ನುವ ಉತ್ತರ ಬಂದರೆ ಅಲ್ಲೇ ನಿಂತು ಇನ್ನೊಮ್ಮೆ ಕೇಳಿ.