ಮಮ್ಮಿ ಹೊಡೆದ ಮೇಲೆ ನಿಮಗಿರೋದು ಮೂರೇ ದಿನ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ, ಡೈಸ್ ಉರುಳಿಸಿ ಕಥೆಯ ಪಾತ್ರಗಳಾಗಿ ಆಡೋ ಆಟವನ್ನ ಆಡಿಸೋವಾಗ ನಾನು ಪದೇ ಪದೇ ನೋಡೋದು ಒಂದೇ, ಮಮ್ಮಿ ಬಿದ್ದ ತಕ್ಷಣ ಎಲ್ಲರೂ "ಸದ್ಯ, ಮುಗೀತು" ಅಂತ ಉಸಿರು ಬಿಡ್ತಾರೆ. ಮುಗಿದಿರಲ್ಲ. ಆ ನಡೆದಾಡೋ ಹೆಣದ ಮುಷ್ಟಿ ಯಾರಿಗಾದ್ರೂ ತಾಗಿದ್ರೆ ಮಮ್ಮಿ ರಾಟ್ ಅನ್ನೋ ಕೊಳೆರೋಗ ಹತ್ಕೊಂಡಿರಬಹುದು, ಹೊಡೆದ ಮಮ್ಮಿ ಸತ್ರೂ ಅದು ಹೋಗಲ್ಲ.

2014ರ ರೂಲ್ಸ್ ಪ್ರಕಾರ ಹೇಳ್ತೀನಿ, ನಾನು ಆಡಿಸೋದು ಅದನ್ನೇ. ಏಟು ತಿಂದವರು ಕಾನ್‌ಸ್ಟಿಟ್ಯೂಷನ್ ಸೇವ್, ಅಂದ್ರೆ ಮೈಗಟ್ಟಿತನದ ಪರೀಕ್ಷೆಗೆ ಡೈಸ್ ಹಾಕ್ಬೇಕು, 12 ಮುಟ್ಟದಿದ್ರೆ ರೋಗ ಹತ್ತಿತು ಅಂತಾನೇ. ಅಲ್ಲಿಂದ ಮುಂದೆ ಒಂದೇ ಒಂದು ಹಿಟ್ ಪಾಯಿಂಟ್ (ಪಾತ್ರದ ಜೀವಬಲದ ಅಂಕ) ವಾಪಸ್ ಬರಲ್ಲ, ಸಾಲದ್ದಕ್ಕೆ ಪ್ರತಿ 24 ಗಂಟೆಗೊಮ್ಮೆ ಆರು ಮುಖದ ಮೂರು ಡೈಸ್ ಉರುಳಿಸಿ ಬಂದಷ್ಟನ್ನ ಗರಿಷ್ಠ ಹಿಟ್ ಪಾಯಿಂಟ್‌ನಿಂದಾನೇ ಕಳೀಬೇಕು, ಸರಾಸರಿ ಹತ್ತೂವರೆ ಹೋಗುತ್ತೆ. ಸೊನ್ನೆ ಆದ್ರೆ ಸಾವು, ಮೈಯೆಲ್ಲ ಧೂಳು. ಸತ್ತವರನ್ನ ಬದುಕಿಸೋ ರೇಯ್ಸ್ ಡೆಡ್ ಮಂತ್ರ ಹಾಕಿ ಎಬ್ಬಿಸೋಣ ಅಂದ್ರೆ ಎಬ್ಬಿಸೋಕೆ ದೇಹಾನೇ ಉಳಿದಿರಲ್ಲ. ಇನ್ನೊಂದು, ರೋಗ ಹತ್ತಿದವರು ಮಮ್ಮಿ ಆಗಲ್ಲ, ಅವರಿಂದ ಪಕ್ಕದವರಿಗೂ ಹರಡಲ್ಲ, ಜೋಂಬಿ ಕಥೆಗಳ ಜೊತೆ ಇದನ್ನ ಕಲಸಬೇಡಿ.

ಹೆಸರಲ್ಲಿ ಕೊಳೆ ಇದ್ರೂ ಇದು ಶಾಪ. ಹೊಸಬರು ಎಡವೋದೇ ಇಲ್ಲಿ. ಪ್ಯಾಲಡಿನ್ ಅನ್ನೋ ಧರ್ಮಯೋಧ ಓಡಿ ಬಂದು ವಾಸಿ ಮಾಡೋಕೆ ಕೈ ಇಡ್ತಾನೆ, ಕ್ಲೆರಿಕ್ ಅನ್ನೋ ಅರ್ಚಕಿ ಲೆಸ್ಸರ್ ರೆಸ್ಟೋರೇಷನ್ ಮಂತ್ರ ಹಾಕ್ತಾಳೆ, ಎರಡೂ ಕಾಯಿಲೆಗೆ ಮದ್ದೇ ಹೊರತು ಶಾಪಕ್ಕಲ್ಲ, ಅದಕ್ಕೆ ಶಾಪ ಬಿಡಿಸೋ ರಿಮೂವ್ ಕರ್ಸೇ ಬೇಕು, ಇಲ್ಲಾ ಗ್ರೇಟರ್ ರೆಸ್ಟೋರೇಷನ್‌ನಂಥ ಇನ್ನೂ ದೊಡ್ಡ ಮಂತ್ರ. 1977ರ ಮಾನ್ಸ್ಟರ್ ಮ್ಯಾನ್ಯುಯಲ್ ಅನ್ನೋ ಆಟದ ಪುಸ್ತಕದಲ್ಲಿ ಇದು ನಿಜಕ್ಕೂ ಕಾಯಿಲೆನೇ ಆಗಿತ್ತು, ಒಂದರಿಂದ ಆರು ತಿಂಗಳಲ್ಲಿ ಸಾಯಿಸ್ತಿತ್ತು, ಕ್ಯೂರ್ ಡಿಸೀಸ್ ಮಂತ್ರ ಸಾಕಿತ್ತು. 3.5 ಆವೃತ್ತಿಯಲ್ಲಿ ಎರಡೂ ಸೇರ್ಕೊಂಡ್ವು, ಮೊದಲು ಶಾಪ ಬಿಡಿಸ್ಬೇಕು, ಆಮೇಲೆ ಕಾಯಿಲೆ ವಾಸಿ ಮಾಡ್ಬೇಕು, ಸತ್ತವರು ಮರಳಾಗಿ ಮೊದಲ ಗಾಳಿಗೇ ಹಾರಿ ಹೋಗ್ತಿದ್ರು. ನನಗೆ ಇವತ್ತಿಗೂ ತುಂಬಾ ಇಷ್ಟವಾದ ವಿವರ ಅದು.

ಈಗ ಆಡಿಸೋರು ಲೆಕ್ಕ ಹಾಕಲೇಬೇಕಾದ ಮಾತು. ಮಮ್ಮಿಯ ಚಾಲೆಂಜ್ ರೇಟಿಂಗ್ 3, ಅಂದ್ರೆ ಮೂರನೇ ಲೆವೆಲ್‌ನ ನಾಲ್ಕು ಜನಕ್ಕೆ ಸರಿಜೋಡಿ. ಆದ್ರೆ ಕ್ಲೆರಿಕ್‌ಗೆ ರಿಮೂವ್ ಕರ್ಸ್ ಸಿಗೋದು ಐದನೇ ಲೆವೆಲ್‌ಗೆ! ಹೊಡೆದಾಡೋ ಶಕ್ತಿ ಇರೋರ ಕೈಯಲ್ಲಿ ಮದ್ದಿರಲ್ಲ. ಮೂರನೇ ಲೆವೆಲ್‌ನ ಗಟ್ಟಿ ಫೈಟರ್‌ಗೆ 31 ಹಿಟ್ ಪಾಯಿಂಟ್ ಅಂದ್ಕೊಳ್ಳಿ, ಮೂರು ದಿನದ ಬಾಳು. ಅದೇ ಲೆವೆಲ್‌ನ ವಿಝಾರ್ಡ್‌ಗೆ 20, ಎರಡೇ ದಿನ. ಮಾಮೂಲಿ ನಡಿಗೆಯಲ್ಲಿ ದಿನಕ್ಕೆ 24 ಮೈಲಿ ಸಾಗ್ತಾರೆ, ಹಾಗಾಗಿ ಶಾಪ ಬಿಡಿಸೋ ಅರ್ಚಕರು 60 ಮೈಲಿ ಆಚೆ ಇದ್ರೆ ಫೈಟರ್ ಮುಟ್ಟಬಹುದು, ವಿಝಾರ್ಡ್ ದಾರಿಯಲ್ಲೇ ಸಾಯ್ತಾನೆ. ಸಮಾಧಿಯನ್ನ ಮ್ಯಾಪ್‌ನಲ್ಲಿ ಗುರುತು ಹಾಕೋಕೆ ಮುಂಚೆ ಗುಡಿ ಎಲ್ಲಿದೆ ಅಂತ ನೋಡ್ಕೊಳ್ಳಿ ದಯವಿಟ್ಟು. ಸುಳಿವನ್ನೂ ಇಡಿ, ಸಮಾಧಿ ಬಾಗಿಲ ಹತ್ರ ಒಂದು ಗುಪ್ಪೆ ಧೂಳು, ಅದರ ಮೇಲೆ ಯಾರೋ ತೊಟ್ಟಿದ್ದ ಕವಚ, ಒಂದು ಉಂಗುರ, ಇಷ್ಟಿದ್ರೆ ಸಾಕು.

ಒಂದು ಆಟದಲ್ಲಿ ಹೀಗೇ ಆಯ್ತು. ಫೈಟರ್‌ಗೆ ಸಂಜೆ ಹೊತ್ತಲ್ಲಿ ಏಟು ಬಿತ್ತು, ನಾನು ಹೊತ್ತನ್ನ ಬರ್ಕೊಂಡೆ. ಕ್ಲೆರಿಕ್ ಆಡ್ತಿದ್ದ ಹುಡುಗಿ ಗಾಯ ವಾಸಿ ಮಾಡೋ ಕ್ಯೂರ್ ವೂಂಡ್ಸ್ ಮಂತ್ರ ಹಾಕಿ 11 ಉರುಳಿಸಿದ್ಲು. ನಿನ್ನ ಕೈಯಿಂದ ಬೆಳಕೇನೋ ಬಂತು, ಗಾಯ ಮಾತ್ರ ಹಾಗೇ ಇದೆ ಅಂದೆ. ಯಾರೂ ಮಾತಾಡ್ಲಿಲ್ಲ. ರಾತ್ರಿ ಮಲಗಿದ್ರೆ ಸರಿಹೋಗುತ್ತೆ ಅಂತ ಕ್ಯಾಂಪ್ ಹಾಕಿದ್ರು, ಎಂಟು ಗಂಟೆ ಅದರಲ್ಲೇ ಹೋಯ್ತು. ಮಾರನೇ ಸಂಜೆ ಡೈಸ್‌ನಲ್ಲಿ 9, ಅದರ ಮುಂದಿನ ಸಂಜೆ 13. ನಾನು ರಬ್ಬರಲ್ಲಿ ಅಳಿಸೋಕೆ ಬಿಡಲ್ಲ, ಹೊಡೆದು ಹಾಕಿ ಪಕ್ಕದಲ್ಲಿ ಬರೀರಿ ಅಂತೀನಿ, ಫೈಟರ್ ಆಡ್ತಿದ್ದವನ ಪಾತ್ರದ ಶೀಟ್‌ನಲ್ಲಿ 31, 22, 9 ಅಂತ ಸಾಲಾಗಿತ್ತು. ಮೂರನೇ ಮಧ್ಯಾಹ್ನ ಗುಡಿ ಮೆಟ್ಟಿಲು ಹತ್ತಿದಾಗ ಅವನು ಶಾಪ ಬಿಡಿಸೋಕೆ ಎಷ್ಟು ದುಡ್ಡು ಅಂತಾನೂ ಕೇಳ್ಲಿಲ್ಲ, ಪೆನ್ಸಿಲ್ ಕೆಳಗಿಟ್ಟು "ಸಂಜೆಗೆ ಇನ್ನೆಷ್ಟು ಹೊತ್ತಿದೆ?" ಅಂತ ಕೇಳ್ದ.